ಗಿರಣಗಾವಿಗೆ ಬಂದ ಜ್ವರ

ಮುಂಬಯಿಯ ನಾಯಗಾಂವ್‌ನ ಚಾಳೊಂದರ ಎರಡನೆಯ ಮಹಡಿಯಲ್ಲಿ ನನ್ನ ಸೋದರಮಾವನ ಖೋಲಿ ಇತ್ತು. ರಜೆಗೆ ಧಾರವಾಡದಿಂದ ಹೋದಾಗಲೆಲ್ಲ ಅಲ್ಲಿಯೇ ನಮ್ಮ ಠಿಕಾಣಿ. ಬಾಗಿಲು ತೆರೆದರೆ ಮೂಲೆಯಲ್ಲಿ ಗೇಣೆತ್ತರದ ಕಟ್ಟೆ ಕಟ್ಟಿದ ಮೋರಿ. ಮೈ ತೊಳೆಯುವುದು, ಪಾತ್ರೆ ತಿಕ್ಕುವುದು, ಬಟ್ಟೆ ಒಗೆಯುವುದು ಎಲ್ಲ ಅಲ್ಲೇ. ಅದರ ಮೇಲೊಂದು ಹಲಗೆಯ ಅಟ್ಟ, ಅಟ್ಟದ ತುಂಬ ಟ್ರಂಕುಗಳು. ಎದುರಿನ ಗೋಡೆಗೆ ಒಂದೇ ಕಿಟಕಿ. ಸಂಡಾಸು ಮಹಡಿಯ ತುದಿಯಲ್ಲಿ, ಎಲ್ಲರಿಗೂ ಸೇರಿ. ನಾವೂ ಬಂದೆವೆಂದರೆ ಹನ್ನೊಂದು ಮಂದಿ. ರಾತ್ರಿ ಗಂಡಸರು ಚಾಪೆ ಹಿಡಿದು ಹೊರಗಿನ ಉದ್ದನೆಯ ಪ್ಯಾಸೇಜಿಗೆ ನಡೆಯುತ್ತಿದ್ದರು. ಕತ್ತಲಲ್ಲಿ ಯಾರಾದರೂ ಕೆಮ್ಮಿದರೆ ಅದು ನಮ್ಮ ಖೋಲಿಯದೋ ಪಕ್ಕದ್ದೋ ಹೇಳಲು ಬರುತ್ತಿರಲಿಲ್ಲ. ಆ ಖೋಲಿಯ ಅಳತೆ 160 ಚದರ ಅಡಿ.

1918ರಲ್ಲಿ ಇನ್‌ಫ್ಲುಯೆಂಜಾ ಬಂದಾಗ ಈ ಚಾಳು ಇನ್ನೂ ಹುಟ್ಟಿರಲಿಲ್ಲ. ಇದು ಆ ಪಿಡುಗು ಮುಗಿದ ಮೇಲೆ ಕಾರ್ಮಿಕರಿಗೆ ಒಳ್ಳೆಯ ಮನೆ ಬೇಕೆಂದು ಸರ್ಕಾರವೇ ಕಟ್ಟಿಸಿದ್ದು. ಅಂದರೆ 160 ಚದರ ಅಡಿ ಎಂಬುದು ಸುಧಾರಣೆ. ಅದಕ್ಕೆ ಮೊದಲು ಪರೇಲ್, ಲಾಲ್‌ಬಾಗ್, ಚಿಂಚ್‌ಪೋಕಳಿ, ವರ್ಲಿ, ಶಿವಡಿಯ ಗಿರಣಿ ಕೆಲಸಗಾರರು ಹತ್ತಡಿ ಉದ್ದ ಹತ್ತಡಿ ಅಗಲದ ಖೋಲಿಗಳಲ್ಲಿ, ತೆಂಗಿನ ಗರಿ ಹೊದಿಸಿದ ಗುಡಿಸಲುಗಳಲ್ಲಿ, ಸೀಮೆಎಣ್ಣೆ ಡಬ್ಬಿಯ ತಗಡು ಬಡಿದ ಶೆಡ್ಡುಗಳಲ್ಲಿ ಇದ್ದರು. ಈ ಇಡೀ ಪ್ರದೇಶಕ್ಕೆ ಮರಾಠಿಯಲ್ಲಿ ಗಿರಣಗಾಂವ್ ಎಂದು ಹೆಸರು, ಗಿರಣಿಗಳ ಊರು. ಹುಬ್ಬಳ್ಳಿಯ ಗಿರಣಿಚಾಳ ಕಂಡವರಿಗೆ ಈ ಮಾತು ಬಿಡಿಸಿ ಹೇಳಬೇಕಿಲ್ಲ. ಮುಂಬಯಿಯಲ್ಲಿ ಆಗ 80ಕ್ಕೂ ಹೆಚ್ಚು ಹತ್ತಿ ಗಿರಣಿಗಳಿದ್ದವು, ಅವುಗಳಲ್ಲಿ ದುಡಿಯುವವರು ಲಕ್ಷ ಮೀರಿದ್ದರು. 1921ರ ಜನಗಣತಿ ಹೇಳುವಂತೆ ನಗರದ ಸುಮಾರು ಮೂರನೇ ಎರಡು ಭಾಗ ಜನರ ವಾಸ ಒಂದೇ ಕೋಣೆಯ ಮನೆಗಳಲ್ಲಿ.

ಇನ್‌ಫ್ಲುಯೆಂಜಾ ಎಲ್ಲರನ್ನೂ ಸಮಾನವಾಗಿ ಕಾಣುವ ರೋಗ, ಅದಕ್ಕೆ ರಾಜನೂ ಒಂದೇ ರೈತನೂ ಒಂದೇ ಎಂಬ ಮಾತು ಬಹಳ ಕಾಲ ಚಲಾವಣೆಯಲ್ಲಿತ್ತು. ಸ್ಪೇನಿನ ದೊರೆಗೂ ಅದು ತಗುಲಿತು, ಬ್ರಿಟನ್ನಿನ ಪ್ರಧಾನಿಗೂ ತಗುಲಿತು ಎಂಬ ಉದಾಹರಣೆ ಅದರ ಬೆನ್ನಿಗೇ ಬರುತ್ತದೆ. ಇವರಿಬ್ಬರೂ ಬದುಕಿಕೊಂಡರು ಎಂಬುದನ್ನು ಹೇಳುವವರು ಕಡಿಮೆ. ಒಂದು ನಗರದ ಒಂದು ಭಾಗದ ಮೇಲೆ ಈ ಜ್ವರ ಏನು ಮಾಡಿತು, ಯಾಕೆ ಹಾಗೆ ಮಾಡಿತು, ಹೋಗುವಾಗ ಏನು ಬಿಟ್ಟುಹೋಯಿತು ಎಂದು ನೋಡಲು ಗಿರಣಗಾವಿಗಿಂತ ತಕ್ಕ ಜಾಗ ನನಗೆ ತೋಚಿಲ್ಲ. ಆಗಿನ ಬಾಂಬೆ ಪ್ರಾಂತ್ಯದಲ್ಲೇ ನಮ್ಮ ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರಗಳೂ ಇದ್ದವು. ಅಲ್ಲಿ ರೈಲು ಹತ್ತಿದ ಜ್ವರ ಇಲ್ಲಿ ಇಳಿದಿದೆ. ಆದ್ದರಿಂದ ಇದು ಪರವೂರಿನ ಕತೆಯೂ ಅಲ್ಲ.

ಬಂದ ಬಗೆ ದಾಖಲೆಯಲ್ಲಿದೆ. 1918ರ ಜೂನ್ 10ರಂದು ಏಳು ಮಂದಿ ಪೊಲೀಸ್ ಸಿಪಾಯಿಗಳು ಜ್ವರವೆಂದು ಪೊಲೀಸ್ ಆಸ್ಪತ್ರೆ ಸೇರಿದರು. ಮಲೇರಿಯಾ ಅಲ್ಲ ಎಂಬುದಷ್ಟೇ ಗೊತ್ತಾಯಿತು. ಅವರಲ್ಲಿ ಹಡಗುಕಟ್ಟೆಯ ಕಾವಲಿಗಿದ್ದವನೂ ಇದ್ದ. ಮುಂದಿನ ಎರಡು ವಾರಗಳಲ್ಲಿ ಜ್ವರ ನಡೆದ ದಾರಿಯನ್ನು ಮುನಿಸಿಪಾಲಿಟಿಯ ಆರೋಗ್ಯಾಧಿಕಾರಿ ಡಾ. ಜೆ. ಎ. ಟರ್ನರ್ ಬರೆದಿಟ್ಟಿದ್ದಾನೆ: ಹಡಗು ಕಂಪನಿಯೊಂದರ ನೌಕರರು, ಡಾಕ್‌ಯಾರ್ಡ್, ಪೋರ್ಟ್ ಟ್ರಸ್ಟ್, ಹಾಂಗ್‌ಕಾಂಗ್ ಬ್ಯಾಂಕಿನ ಗುಮಾಸ್ತರು, ತಂತಿ ಕಚೇರಿ, ಟಂಕಸಾಲೆ, ಕೊನೆಗೆ ರೇಚಲ್ ಸಸೂನ್ ಗಿರಣಿ. ನಕಾಶೆಯ ಮೇಲೆ ಬೆರಳಿಟ್ಟು ಈ ಪಟ್ಟಿಯ ಹಿಂದೆ ಹೋದರೆ ಸಮುದ್ರದ ದಂಡೆಯಿಂದ ಹೊರಟ ಬೆರಳು ಕೋಟೆಯ ಕಚೇರಿಗಳನ್ನು ಮುಟ್ಟಿ ಗಿರಣಿಯ ಗೇಟಿಗೆ ಬಂದು ನಿಲ್ಲುತ್ತದೆ. ರೋಗ ದುಡಿಯುವ ಜಾಗದಿಂದ ದುಡಿಯುವ ಜಾಗಕ್ಕೆ ನಡೆದಿದೆ. ಮನೆಗೆ ಅದನ್ನು ಸಂಬಳದ ಹಾಗೆ ಹೊತ್ತುಕೊಂಡು ಹೋದವರು ಕೆಲಸಗಾರರು.

ಈ ಮೊದಲ ಸುತ್ತು ಲಘುವಾಗಿತ್ತೆಂದು ಎಲ್ಲ ಪುಸ್ತಕಗಳೂ ಬರೆಯುತ್ತವೆ. ಮುಂಬಯಿಯಲ್ಲಿ ಅದರಿಂದ ಸತ್ತವರು ಸುಮಾರು 1,600. ಲಘು ಎಂಬ ಮಾತು ಮುಂದೆ ಬಂದದ್ದರ ಪಕ್ಕದಲ್ಲಿಟ್ಟಾಗ ಮಾತ್ರ ಸರಿ.

ಜ್ವರವನ್ನು ತಂದವರಾರು ಎಂಬ ಜಗಳ ತಕ್ಷಣ ಹತ್ತಿಕೊಂಡಿತು. ಮೇ ಕೊನೆಗೆ ಬಂದರಿಗೆ ಬಂದ ಹಡಗಿನಿಂದ ಇಳಿಯಿತು ಎಂದು ಟರ್ನರ್ ಹೇಳಿದ. ಯುದ್ಧಕಾಲ, ಸೈನಿಕರ ಹಡಗುಗಳ ಓಡಾಟ ಬಂದರಿನ ದಿನನಿತ್ಯದ ವ್ಯವಹಾರ. ಸರ್ಕಾರದ ಕಡೆಯವರು ಇದನ್ನು ಒಪ್ಪಲಿಲ್ಲ. ಹಡಗಿನವರಿಗೇ ಮುಂಬಯಿಯಿಂದ ತಗುಲಿದೆ, ಈ ನಗರದ ಕೊಳಕೇ ಇದಕ್ಕೆಲ್ಲ ಮೂಲ ಎಂದು ತಿರುಗಿಸಿದರು. ಎರಡೂ ಕಡೆಯ ಹಗ್ಗಜಗ್ಗಾಟದ ಹಿಂದಿದ್ದದ್ದು ವೈದ್ಯಕೀಯ ಕುತೂಹಲಕ್ಕಿಂತ ಜವಾಬ್ದಾರಿಯ ಪ್ರಶ್ನೆ. ಹಡಗಿನಿಂದ ಬಂದಿದ್ದರೆ ಬಂದರಿನಲ್ಲಿ ತಡೆಯದವರದು ತಪ್ಪು. ಕೊಳಕಿನಿಂದ ಹುಟ್ಟಿದ್ದರೆ ಬಡವನ ತಪ್ಪು. ಹೊರಗಿನಿಂದ ಬಂದದ್ದೆಂಬ ಟರ್ನರನ ಮಾತು ಇಂದು ಗೆದ್ದಿದೆ. ಆದರೆ ಇನ್ನೊಂದು ಮಾತಿನಲ್ಲಿಯೂ ಅರ್ಧ ಸತ್ಯವಿತ್ತು. ರೋಗ ಬಂದದ್ದು ಹೊರಗಿನಿಂದ, ಬಂದಮೇಲೆ ಎಲ್ಲಿ ಎಷ್ಟು ಕೊಲ್ಲಬೇಕೆಂಬುದನ್ನು ತೀರ್ಮಾನಿಸಿದ್ದು ಒಳಗಿನ ಸ್ಥಿತಿ. ಆ ಸ್ಥಿತಿಗೆ ಕಾರಣ ಯಾರೆಂದು ಮಾತ್ರ ಸರ್ಕಾರ ಕೇಳಿಕೊಳ್ಳಲಿಲ್ಲ.

ಸೆಪ್ಟೆಂಬರಿನಲ್ಲಿ ಎರಡನೆಯ ಸುತ್ತು ಬಂತು. ಇದು ಬೇರೆಯೇ ಜ್ವರದ ಹಾಗಿತ್ತು. ಮೂರು ದಿನದ ಮೈಕೈ ನೋವು ಇಲ್ಲಿ ನ್ಯುಮೋನಿಯಾಕ್ಕೆ ತಿರುಗುತ್ತಿತ್ತು, ತುಟಿ ಉಗುರು ನೀಲಿಗಟ್ಟುತ್ತಿದ್ದವು. ಮುದುಕರನ್ನೂ ಕೂಸುಗಳನ್ನೂ ಒಯ್ಯುವುದು ಸಾಮಾನ್ಯ ಇನ್‌ಫ್ಲುಯೆಂಜಾದ ಗುಣ. ಇದು ಇಪ್ಪತ್ತರಿಂದ ನಲವತ್ತರ ವಯಸ್ಸಿನ ಗಟ್ಟಿಮುಟ್ಟು ಜನರನ್ನು ಒಯ್ದಿತು. ಗಿರಣಿಗಳಲ್ಲಿ ಇದ್ದವರಲ್ಲಿ ಹೆಚ್ಚಿನವರು ಆ ವಯಸ್ಸಿನವರೇ. ಅಕ್ಟೋಬರ್ 6ರ ಒಂದೇ ದಿನ ನಗರದಲ್ಲಿ 768 ಸಾವು ದಾಖಲಾದವು. ಇಪ್ಪತ್ತೆರಡು ವರ್ಷಗಳಿಂದ ಪ್ಲೇಗನ್ನು ಕಂಡಿದ್ದ ಊರು ಒಂದು ದಿನದಲ್ಲಿ ಇಷ್ಟು ಹೆಣಗಳನ್ನು ಕಂಡಿರಲಿಲ್ಲ. ಮರಾಠಿ ಜನ ಈ ಜ್ವರಕ್ಕೆ ಮಾನ್‌ಮೋಡಿ ಎಂದು ಹೆಸರಿಟ್ಟರು. ಕನ್ನಡದ ಕಿವಿಗೆ ಮಾನ ಎಂದರೆ ಮರ್ಯಾದೆ, ಹೆಸರು ಬೇರೆಯೇ ಅರ್ಥ ಕೊಡುತ್ತದೆ. ಮರಾಠಿಯಲ್ಲಿ ಮಾನ್ ಎಂದರೆ ಕತ್ತು. ಕತ್ತು ಮುರಿಯುವ ಬೇನೆ.

ಈಗ ಅಂಕಿಗಳಿಗೆ ಬರೋಣ. ಇಡೀ ದೇಶದ ಸಾವಿನ ಲೆಕ್ಕ ನೂರು ವರ್ಷದಿಂದ ಬದಲಾಗುತ್ತಲೇ ಬಂದಿದೆ. 1919ರಲ್ಲಿ ಸ್ಯಾನಿಟರಿ ಕಮಿಷನರ್ ನಾರ್ಮನ್ ವೈಟ್ ಬರೆದ ಮೊದಲ ವರದಿಯಲ್ಲಿ ಅದು 60 ಲಕ್ಷ. 1921ರ ಜನಗಣತಿಯ ಹೊತ್ತಿಗೆ 1 ಕೋಟಿ 20 ಲಕ್ಷ ದಾಟಿತು. 1980ರ ದಶಕದಲ್ಲಿ ಐ. ಡಿ. ಮಿಲ್ಸ್ ಎಂಬ ಸಂಶೋಧಕ 1 ಕೋಟಿ 70 ಲಕ್ಷಕ್ಕೂ ಮೇಲೆ ಒಯ್ದ. 2012ರಲ್ಲಿ ಸಿದ್ಧಾರ್ಥ ಚಂದ್ರ ಮತ್ತು ಸಂಗಡಿಗರು ಜಿಲ್ಲಾವಾರು ಜನಸಂಖ್ಯೆಯಿಂದ ಲೆಕ್ಕ ಹಾಕಿ 1 ಕೋಟಿ 38 ಲಕ್ಷದ ಸುಮಾರಿಗೆ ಇಳಿಸಿದರು. ಈಚಿನ ಯಾವ ಲೆಕ್ಕ ಹಿಡಿದರೂ ಜಗತ್ತಿನ ಬೇರೆ ಯಾವ ದೇಶದಲ್ಲೂ ಇಷ್ಟು ಜನ ಸಾಯಲಿಲ್ಲ. ದೇಶದೊಳಗೂ ಪಶ್ಚಿಮ ಮತ್ತು ಮಧ್ಯಭಾಗ ಹೆಚ್ಚು ಬೆಂದವು, ಪೂರ್ವಕ್ಕೆ ಹೋದಂತೆ ಜ್ವರ ಮೆತ್ತಗಾಯಿತು. ಬಾಂಬೆ ಪ್ರಾಂತ್ಯವೊಂದರಲ್ಲೇ 10 ಲಕ್ಷ ಮೀರಿ ಸತ್ತರು.

ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸುವುದು ಈ ಕೋಟಿಗಳಲ್ಲ, ಮುಂಬಯಿ ನಗರದ ಒಂದು ಚಿಕ್ಕ ಕೋಷ್ಟಕ. ಸಾವನ್ನು ಕೋಮುವಾರು ಹಂಚಿ ಸಾವಿರಕ್ಕೆ ಎಷ್ಟು ಎಂದು ಅದರಲ್ಲಿ ಬರೆದಿದೆ. ಯುರೋಪಿಯನ್ನರಲ್ಲಿ 8.3. ಪಾರ್ಸಿಗಳಲ್ಲಿ 9. ಭಾರತೀಯ ಕ್ರೈಸ್ತರು, ಮುಸ್ಲಿಮರು, ಇತರ ಹಿಂದೂಗಳು ಎಂಬ ಮೂರೂ ಸಾಲುಗಳಲ್ಲಿ 18ರಿಂದ 19ರ ಆಸುಪಾಸು. ಮತ್ತೆ ಒಂದು ಸಾಲು: ಕೆಳಜಾತಿಯ ಹಿಂದೂಗಳು, 61.6. ಬಂಗಲೆಯವರಲ್ಲಿ 120 ಜನಕ್ಕೆ ಒಬ್ಬ ಸತ್ತರೆ, ಊರಿನ ಕಸ ಹೊರುವ, ಮೋರಿ ಬಳಿಯುವ, ಚರ್ಮ ಹದಮಾಡುವ ಜನರಲ್ಲಿ 16ಕ್ಕೆ ಒಬ್ಬ.

ಈ ಕೋಷ್ಟಕವನ್ನು ಕಣ್ಣುಮುಚ್ಚಿ ನಂಬಬೇಕೆಂದು ನಾನು ಹೇಳುವುದಿಲ್ಲ. ಛೇದದಲ್ಲಿ ಬಳಸಿದ ಜನಸಂಖ್ಯೆ ಏಳು ವರ್ಷ ಹಿಂದಿನ ಗಣತಿಯದು, ನಡುವೆ ಯುದ್ಧ ನಗರವನ್ನು ಉಬ್ಬಿಸಿತ್ತು. ಆ ವರ್ಷ ದಖ್ಖನಿನ ಬರಕ್ಕೆ ಊರು ಬಿಟ್ಟು ಬಂದವರು ಬೀದಿಯಲ್ಲಿ ಸತ್ತರೆ ಅವರೂ ಆ ಕೊನೆಯ ಸಾಲಿಗೇ ಸೇರುತ್ತಾರೆ. ಇನ್ನೊಂದು ದಿಕ್ಕಿನಿಂದಲೂ ಲೆಕ್ಕ ಜಾರುತ್ತದೆ. ಗಿರಣಿಯ ಕೆಲಸಗಾರರಲ್ಲಿ ದೊಡ್ಡ ಪಾಲು ಕೊಂಕಣದ ರತ್ನಾಗಿರಿಯವರು. ಅವರಿಗೆ ಮೈ ಹುಷಾರಿಲ್ಲದಿದ್ದರೆ ಔಷಧ ಒಂದೇ: ಊರು. ಕೊಂಕಣಕ್ಕೆ ಆಗ ರೈಲಿರಲಿಲ್ಲ, ದಂಡೆ ಹಿಡಿದು ಹೋಗುವ ಆಗಬೋಟಿಗಳೇ ಗತಿ, ಅವೂ ಮಳೆಗಾಲದಲ್ಲಿ ನಿಲ್ಲುತ್ತಿದ್ದವು. ಸೆಪ್ಟೆಂಬರ್ ಕಳೆದು ಸಮುದ್ರ ಶಾಂತವಾಗುವ ಕಾಲವೂ ಜ್ವರ ಕೆರಳಿದ ಕಾಲವೂ ಒಂದೇ ಆಯಿತು. ಆಗಬೋಟಿ ಹತ್ತಿ ಹೋಗಿ ಊರಲ್ಲಿ ಕಣ್ಣು ಮುಚ್ಚಿದವನು ಮುಂಬಯಿಯ ಲೆಕ್ಕದಲ್ಲಿ ಬದುಕಿದ್ದಾನೆ. ಹಾಗಾಗಿ ಗಿರಣಗಾವಿನ ಸಾವು ಕಾಗದದ ಮೇಲಿರುವುದಕ್ಕಿಂತ ಹೆಚ್ಚೇ ಇರಬೇಕೆಂದು ನನ್ನ ಎಣಿಕೆ. ಎಷ್ಟೇ ಕೂಡಿ ಕಳೆದರೂ ಎಂಟಕ್ಕೂ ಅರವತ್ತೊಂದಕ್ಕೂ ನಡುವಿನ ಕಂದಕ ಮುಚ್ಚುವುದಿಲ್ಲ.

ಹಾಗಾದರೆ ಸಮಾನ ರೋಗ ಎಂಬ ಮಾತು ಎಲ್ಲಿಂದ ಬಂತು? ಅಮೆರಿಕದ ಚರಿತ್ರೆಕಾರ ಆಲ್ಫ್ರೆಡ್ ಕ್ರಾಸ್ಬಿ ಅದಕ್ಕೆ ದೊಡ್ಡ ಪ್ರಚಾರ ಕೊಟ್ಟ. ಆ ಪಿಡುಗನ್ನು ಮರೆತ ಜಗತ್ತಿಗೆ ನೆನಪಿಸಿದವನೇ ಅವನು, ಆ ಋಣ ಎಲ್ಲರ ಮೇಲಿದೆ. ಆದರೆ ಅವನಿಗಿಂತ ಬಹಳ ಮೊದಲೇ, 1931ರಲ್ಲಿ, ಎಡ್ಗರ್ ಸೈಡೆನ್‌ಸ್ಟ್ರಿಕರ್ ಎಂಬ ಅಂಕಿಶಾಸ್ತ್ರಜ್ಞ ಅಮೆರಿಕದ ಊರುಗಳಲ್ಲಿ ಮನೆಮನೆ ಸುತ್ತಿ ಕೂಡಿಹಾಕಿದ ಮಾಹಿತಿಯಿಂದ ಬಡವರಿಗೆ ರೋಗ ಹೆಚ್ಚು ತಗುಲಿದೆ, ತಗುಲಿದವರಲ್ಲಿ ಸಾವೂ ಹೆಚ್ಚು ಎಂದು ತೋರಿಸಿದ್ದ. ಯಾರೂ ಅಷ್ಟಾಗಿ ಕಿವಿಗೊಡಲಿಲ್ಲ. 2006ರಲ್ಲಿ ನಾರ್ವೆಯ ಸ್ವೆನ್ ಎರಿಕ್ ಮಾಮೆಲುಂಡ್ ಈಗಿನ ಓಸ್ಲೋದ ಎರಡು ಪ್ಯಾರಿಷ್‌ಗಳನ್ನು ಎದುರುಬದುರು ಇಟ್ಟ. ಒಂದು ಸಿರಿವಂತರದು, ಇನ್ನೊಂದು ಕಾರ್ಮಿಕರದು. ಮನೆಯಲ್ಲಿ ಎಷ್ಟು ಕೋಣೆ ಎಂಬುದಕ್ಕೂ ಸಾವಿಗೂ ಅಲ್ಲಿ ಸಂಬಂಧ ಕಂಡಿತು. ಹತ್ತು ವರ್ಷ ಕಳೆದು ಶಿಕಾಗೋ ನಗರವನ್ನು ಚಿಕ್ಕ ಚಿಕ್ಕ ಗಣತಿ ಭಾಗಗಳಾಗಿ ಒಡೆದು ನೋಡಿದವರಿಗೂ ಜನದಟ್ಟಣೆ, ಅನಕ್ಷರತೆ ಇದ್ದಲ್ಲಿ ಸಾವು ಹೆಚ್ಚಿದ್ದು ಕಂಡಿತು. ಇವನ್ನೆಲ್ಲ ಓದುವಾಗ ನನಗೊಂದು ಚೂರು ನಗು ಬರುತ್ತದೆ. ಓಸ್ಲೋ, ಶಿಕಾಗೋಗಳಲ್ಲಿ ಎಂಬತ್ತು ತೊಂಬತ್ತು ವರ್ಷ ಕಾದು ಸಾಬೀತು ಮಾಡಿದ್ದನ್ನು ಮುಂಬಯಿಯ ಕೋಷ್ಟಕ ಅಂದೇ ಹೇಳಿತ್ತು, ಅದೂ ನಾರ್ವೆಯಲ್ಲಿ ಕಾಣದಷ್ಟು ಬಿಚ್ಚಿ. ಅದನ್ನು ಜಾತಿಯ ಕೋಷ್ಟಕವೆಂದು ಓದಿದರೇ ಹೊರತು ಕೋಣೆಯ ಕೋಷ್ಟಕವೆಂದು ಓದಲಿಲ್ಲ.

ಕಾರಣಗಳಲ್ಲಿ ಎಲ್ಲರೂ ಮೊದಲು ಹೇಳುವುದು ಮಳೆ. 1918ರ ಮುಂಗಾರು ಕೈಕೊಟ್ಟಿತು. ಯುದ್ಧದಿಂದ ಮೊದಲೇ ಏರಿದ್ದ ಜೋಳ ಅಕ್ಕಿಯ ಬೆಲೆ ಇನ್ನೂ ಏರಿತು. ಅರೆಹೊಟ್ಟೆಯ ಮೈಗೆ ಜ್ವರ ತಗುಲಿತು ಎಂಬ ಈ ವಿವರಣೆ ಹಳ್ಳಿಗಳಿಗೆ ಚೆನ್ನಾಗಿ ಹೊಂದುತ್ತದೆ. ಅಹಮದನಗರದಂಥ ಬರದ ಜಿಲ್ಲೆಗಳು ಬೆಂದದ್ದು ನಿಜ. ನಗರಕ್ಕೆ ಮಾತ್ರ ಇದೊಂದೇ ಸಾಲದು. ಜೂನ್ ಸುತ್ತು ಬಂದಾಗ ಮಳೆ ಕೈಕೊಟ್ಟ ಸುದ್ದಿಯೇ ಇರಲಿಲ್ಲ, ಆಗಲೂ ರೋಗ ಗಿರಣಿಯವರನ್ನು ಹುಡುಕಿಕೊಂಡು ಹೋಗಿತ್ತು.

ಗಿರಣಿಯ ಒಳಗನ್ನು ಸ್ವಲ್ಪ ನೋಡಬೇಕು. ಹತ್ತಿಯ ನೂಲು ಒಣಗಿದರೆ ತುಂಡಾಗುತ್ತದೆ, ಅದಕ್ಕಾಗಿ ಶೆಡ್ಡಿನೊಳಗೆ ಹಬೆ ಬಿಟ್ಟು ತೇವ ಕಾಯುತ್ತಿದ್ದರು. ಗಾಳಿ ಬಂದರೆ ತೇವ ಹೋಗುತ್ತದೆ, ಆದ್ದರಿಂದ ಕಿಟಕಿ ಮುಚ್ಚಿಯೇ ಇರಬೇಕು. ಹತ್ತಿಯ ಧೂಳು ತುಂಬಿದ ಆ ಬಿಸಿ ತೇವದಲ್ಲಿ ದಿನಕ್ಕೆ ಹನ್ನೆರಡು ಗಂಟೆ. ನೇಯ್ಗೆ ಖಾತೆಯಲ್ಲಿ ಇನ್ನೊಂದು ಪದ್ಧತಿ. ಲಾಳಿಯಲ್ಲಿ ನೂಲಿನ ಕಂಡಿಕೆ ಮುಗಿದಾಗಲೆಲ್ಲ ಹೊಸದು ಹಾಕಿ, ಲಾಳಿಯ ಕಣ್ಣಿಗೆ ಬಾಯಿಟ್ಟು ಎಳೆಯನ್ನು ಉಸಿರಿನಿಂದ ಸೆಳೆಯಬೇಕು. ದಿನಕ್ಕೆ ಲೆಕ್ಕವಿಲ್ಲದಷ್ಟು ಸಲ. ಒಬ್ಬನ ಲಾಳಿ ಇನ್ನೊಬ್ಬನ ಬಾಯಿಗೆ ಹೋಗುತ್ತದೆ. ಎಂಜಲಾಗುತ್ತದೆಂದು ಸವರ್ಣೀಯ ನೇಕಾರರು ಅಸ್ಪೃಶ್ಯರನ್ನು ನೇಯ್ಗೆ ಖಾತೆಗೆ ಬರಗೊಡುತ್ತಿರಲಿಲ್ಲ. ಕೂಲಿ ಹೆಚ್ಚಿದ್ದ ಖಾತೆ ಅದು. ಅವರು ಕಡಿಮೆ ಕೂಲಿಯ ನೂಲುವ ಖಾತೆಯಲ್ಲೇ ಉಳಿದರು. ಜಾತಿಯ ಎಂಜಲಿಗೆ ಅಷ್ಟು ಹೆದರಿದವರು ತಮ್ಮತಮ್ಮಲ್ಲೇ ಹಂಚಿಕೊಂಡ ಎಂಜಲಿನಲ್ಲಿ ಏನಿತ್ತೆಂದು ಆ ಅಕ್ಟೋಬರಿನಲ್ಲಿ ಅವರಿಗೆ ಗೊತ್ತಿರಲಿಲ್ಲ. ಗೊತ್ತಿದ್ದರೂ ಮಗ್ಗ ನಿಲ್ಲುತ್ತಿರಲಿಲ್ಲ. ಜ್ವರವೆಂದು ಮಲಗಿದವನಿಗೆ ಕೂಲಿಯಿಲ್ಲ, ಬಹಳ ದಿನ ಮಲಗಿದವನ ಜಾಗಕ್ಕೆ, ಆಳುಗಳನ್ನು ಸೇರಿಸಿಕೊಳ್ಳುವ ಜಾಬರ್ ಬದಲಿಯವನನ್ನು ಹಾಕುತ್ತಾನೆ. ವೈದ್ಯರು ಹೇಳುವ ವಿಶ್ರಾಂತಿ ಎಂಬ ಔಷಧದ ಬೆಲೆ ನೌಕರಿ.

ಮನೆಯಲ್ಲಿ? ಮುಂಬಯಿಯಲ್ಲಿ ಆಗ ಸಾವಿರ ಗಂಡಸರಿಗೆ ಐನೂರು ಚಿಲ್ಲರೆ ಹೆಂಗಸರು. ಹೆಂಡತಿ ಮಕ್ಕಳನ್ನು ಊರಲ್ಲಿ ಬಿಟ್ಟು ಬಂದ ಗಂಡಸರು ಹತ್ತು ಹದಿನೈದು ಮಂದಿ ಸೇರಿ ಖೋಲಿ ಹಿಡಿಯುತ್ತಿದ್ದರು, ಪಾಳಿಯ ಮೇಲೆ ಮಲಗುತ್ತಿದ್ದರು, ಖಾನಾವಳಿಯಲ್ಲಿ ಉಣ್ಣುತ್ತಿದ್ದರು. ಎಲ್ಲರೂ ಒಟ್ಟಿಗೆ ಜ್ವರ ಹಿಡಿದು ಮಲಗಿದರೆ ಒಂದು ಚೊಂಬು ನೀರು ಕೊಡುವವರಿಲ್ಲ. ಇನ್‌ಫ್ಲುಯೆಂಜಾಕ್ಕೆ ಅಂದು ಮದ್ದಿರಲಿಲ್ಲ. ಅದರ ವೈರಸ್ಸನ್ನು ಮನುಷ್ಯರಿಂದ ಬೇರ್ಪಡಿಸಿದ್ದೇ 1933ರಲ್ಲಿ. 1918ರಲ್ಲಿ ವೈದ್ಯರು ಫೈಫರನ ಬ್ಯಾಕ್ಟೀರಿಯಾವನ್ನು ಅಪರಾಧಿಯೆಂದು ತಿಳಿದಿದ್ದರು. ಬದುಕಿಸುತ್ತಿದ್ದದ್ದು ಗಂಜಿ, ನೀರು, ಬೆಚ್ಚನೆಯ ಹೊದಿಕೆ, ಪಕ್ಕದಲ್ಲೊಬ್ಬರು. ಆ ಪಕ್ಕದಲ್ಲಿದ್ದವರು ಹೆಚ್ಚಾಗಿ ಹೆಂಗಸರು. ದೇಶದ ಲೆಕ್ಕದಲ್ಲಿ ಗಂಡಸರಿಗಿಂತ ಹೆಂಗಸರೇ ಹೆಚ್ಚು ಸತ್ತರು ಎಂಬುದಕ್ಕೆ ಎಲ್ಲರಿಗೂ ಬಡಿಸಿ ಉಳಿದದ್ದು ಉಣ್ಣುವ ಪದ್ಧತಿಯನ್ನೂ, ರೋಗಿಯ ತಲೆದಿಂಬಿನ ಹತ್ತಿರ ಕೂರುವ ಪದ್ಧತಿಯನ್ನೂ ಕಾರಣವಾಗಿ ಹೇಳುತ್ತಾರೆ. ನನಗಿದು ಒಪ್ಪಿಗೆ.

ಆಡಳಿತ ಏನು ಮಾಡಿತು ಎಂದರೆ ಹೆಚ್ಚೇನೂ ಹೇಳಲು ಬರುವಂತಿಲ್ಲ. ವೈದ್ಯರಲ್ಲಿ ಬಹಳ ಮಂದಿ ಯುದ್ಧಕ್ಕೆ ಹೋಗಿದ್ದರು. ಪರೇಲಿನಲ್ಲೇ, ಹಳೆಯ ಗವರ್ನರ್ ಬಂಗಲೆಯಲ್ಲಿ, ಹಾಫ್‌ಕಿನ್ ಪ್ಲೇಗಿನ ಲಸಿಕೆಗಾಗಿ ಕಟ್ಟಿ ಬೆಳೆಸಿದ ಪ್ರಯೋಗಶಾಲೆ ಇತ್ತು. ಗಿರಣಿಯವರ ಮನೆಗಳ ಮಗ್ಗುಲಲ್ಲೇ ಅಷ್ಟು ದೊಡ್ಡ ವಿಜ್ಞಾನ. ಆದರೆ ಅದೇ ಪರೇಲಿಗೆ ದೊಡ್ಡದೊಂದು ಸಾರ್ವಜನಿಕ ಆಸ್ಪತ್ರೆ, ಕೆಇಎಂ, ಬರಲು 1926 ಆಗಬೇಕಾಯಿತು. ಪ್ಲೇಗಿನ ಕಾಲದಲ್ಲಿ ಸರ್ಕಾರ ಮನೆಗೆ ನುಗ್ಗಿ ರೋಗಿಗಳನ್ನು ಎಳೆದೊಯ್ದಿತ್ತು. ಅದರ ಫಲವಾಗಿ 1897ರಲ್ಲಿ ಪುಣೆಯಲ್ಲಿ ಪ್ಲೇಗ್ ಅಧಿಕಾರಿ ರ‍್ಯಾಂಡ್‌ನ ಕೊಲೆ, 1898ರಲ್ಲಿ ಮುಂಬಯಿಯಲ್ಲಿ ಗಲಭೆ ಆದವು. ಆ ಏಟು ನೆನಪಿದ್ದ ಸರ್ಕಾರ ಈ ಸಲ ಕೈಕಟ್ಟಿ ಕೂತಿತು. ಅತಿಯಾಗಿ ಮಾಡಿ ಸುಟ್ಟುಕೊಂಡವರು ಏನೂ ಮಾಡದೆ ಇರುವುದನ್ನು ಜಾಣತನವೆಂದು ತಿಳಿದರು. ಅಧಿಕಾರಿಗಳು ಬೆಟ್ಟದ ತಂಪಿನಲ್ಲಿ ಕೂತಿದ್ದಾರೆ, ಜನ ಇಲ್ಲಿ ಸಾಯುತ್ತಿದ್ದಾರೆ ಎಂದು ದೇಶಿ ಪತ್ರಿಕೆಗಳು ಜಾಡಿಸಿದವು. ಗುಂಪು ಸೇರಬೇಡಿ, ಗಾಳಿಯಾಡುವಲ್ಲಿ ಮಲಗಿ ಎಂಬುದು ಆ ಕಾಲದ ಎಲ್ಲ ಆರೋಗ್ಯ ಇಲಾಖೆಗಳ ಉಪದೇಶ. ಹತ್ತಡಿ ಖೋಲಿಯಲ್ಲಿ ಹನ್ನೆರಡು ಮಂದಿ ಇರುವವರು ಅದನ್ನು ಓದಿ ಏನು ಮಾಡಬೇಕಿತ್ತೋ.

ಸರ್ಕಾರ ಬಿಟ್ಟ ಜಾಗಕ್ಕೆ ಬಂದವರು ಊರಿನವರೇ. ಜಾತಿ ಸಂಘಗಳು, ಸಮುದಾಯದ ಧರ್ಮಾರ್ಥ ನಿಧಿಗಳು ದವಾಖಾನೆ ತೆರೆದವು, ಹಾಲು ಕಂಬಳಿ ಹಂಚಿದವು. ಎನ್. ಎಂ. ಜೋಶಿ 1911ರಲ್ಲಿ ಕಟ್ಟಿದ್ದ ಸೋಷಿಯಲ್ ಸರ್ವಿಸ್ ಲೀಗಿನ ಸ್ವಯಂಸೇವಕರು ಚಾಳುಗಳಿಗೆ ಹೋದರು. ಇದನ್ನು ಹೊಗಳುವಾಗಲೇ ಒಂದು ಮಾತು ಹೇಳಬೇಕು. ಸಹಾಯ ಜಾತಿಯ ಮೂಲಕ ಹರಿದರೆ, ಹಣವಂತರಿರುವ ಜಾತಿಗೆ ಕಾಲುವೆ, ಇಲ್ಲದ ಜಾತಿಗೆ ಒಣ ಹಳ್ಳ. ಪಾರ್ಸಿಗಳ 9ಕ್ಕೂ ಕೊನೆಯ ಸಾಲಿನ 61.6ಕ್ಕೂ ನಡುವಿನ ಅಂತರದಲ್ಲಿ ಇದರದೂ ಒಂದು ಪಾಲಿದೆ.

ಜ್ವರ ಇಳಿದ ಎರಡು ಮೂರು ತಿಂಗಳಿಗೆ, 1919ರ ಜನವರಿಯಲ್ಲಿ, ಗಿರಣಗಾವಿನಲ್ಲಿ ಲಕ್ಷಕ್ಕೂ ಹೆಚ್ಚು ಕೆಲಸಗಾರರು ಕೆಲಸ ನಿಲ್ಲಿಸಿದರು. ಇಡೀ ಗಿರಣಿ ಉದ್ಯಮವನ್ನು ಒಮ್ಮೆಗೇ ಸ್ತಬ್ಧಗೊಳಿಸಿದ ಮೊದಲ ದೊಡ್ಡ ಮುಷ್ಕರ ಅದು. ಜ್ವರವೇ ಮುಷ್ಕರ ಮಾಡಿಸಿತು ಎಂದರೆ ಅತಿಯಾದೀತು. ಬೇಡಿಕೆ ಇದ್ದದ್ದು ಕೂಲಿ ಮತ್ತು ಧಾನ್ಯದ ಬೆಲೆಯ ಬಗ್ಗೆ, ಮಾಲೀಕರು ಯುದ್ಧದಲ್ಲಿ ಗಳಿಸಿದ ಲಾಭ ಎಲ್ಲರ ಕಣ್ಣಿಗೂ ಕಾಣುತ್ತಿತ್ತು. ಆದರೆ ಮಗ್ಗದ ಪಕ್ಕದ ಜಾಗ ಖಾಲಿಯಾದದ್ದನ್ನು ಕಂಡು, ಹೆಣ ಸುಡಲು ಸೌದೆಗೆ ಸಾಲ ಮಾಡಿ ಬಂದವರು ಆ ಗೇಟಿನ ಹೊರಗೆ ನಿಂತಿದ್ದರು ಎಂಬುದನ್ನು ಕಾರ್ಮಿಕ ಚಳವಳಿಯ ಚರಿತ್ರೆಗಳು ಒಂದು ಸಾಲಿನಲ್ಲಿ ಮುಗಿಸುತ್ತವೆ. ಮರುವರ್ಷ ಮುಂಬಯಿಯಲ್ಲೇ ಎಐಟಿಯುಸಿ ಎಂಬ ಅಖಿಲ ಭಾರತ ಕಾರ್ಮಿಕ ಸಂಘಟನೆ ಹುಟ್ಟಿತು, ಅಲ್ಲೂ ಜೋಶಿ ಇದ್ದರು.

ಮನೆಗಳ ಕತೆ ಇನ್ನೂ ವಿಚಿತ್ರ. 1918ರ ಡಿಸೆಂಬರಿನಲ್ಲಿ ಗವರ್ನರ್ ಆಗಿ ಬಂದ ಜಾರ್ಜ್ ಲಾಯ್ಡ್, ಕಾರ್ಮಿಕರಿಗಾಗಿ 50,000 ಖೋಲಿ ಕಟ್ಟಿಸುವುದಾಗಿ ಘೋಷಿಸಿ ಬಾಂಬೆ ಡೆವಲಪ್‌ಮೆಂಟ್ ಡಿಪಾರ್ಟ್‌ಮೆಂಟ್ ತೆರೆದ. ಬಿಡಿಡಿ ಚಾಳುಗಳು ಎಂದು ಇಂದಿಗೂ ಕರೆಯುವುದು ಆ ಇಲಾಖೆ ಕಟ್ಟಿಸಿದವನ್ನೇ. ವರ್ಲಿ, ನಾಯಗಾಂವ್, ಡಿಲೈಲ್ ರೋಡ್, ಶಿವಡಿಯಲ್ಲಿ 207 ಕಟ್ಟಡಗಳು ಎದ್ದವು, ಒಂದೊಂದರಲ್ಲೂ 80 ಖೋಲಿ. ಒಟ್ಟು 16 ಸಾವಿರ ಚಿಲ್ಲರೆಗೆ ಹಣವೂ ಉತ್ಸಾಹವೂ ಮುಗಿದವು. ಬಾಡಿಗೆ ಹೆಚ್ಚಾಗಿ ಮೊದಲಿಗೆ ಬಹಳಷ್ಟು ಖಾಲಿ ಬಿದ್ದಿದ್ದವು. 1930ರ ಕಾನೂನುಭಂಗ ಚಳವಳಿಯಲ್ಲಿ ವರ್ಲಿಯ ಚಾಳುಗಳನ್ನು ಸರ್ಕಾರ ತಾತ್ಕಾಲಿಕ ಜೈಲು ಮಾಡಿಕೊಂಡಿತು. ಮನೆಯೆಂದು ಕಟ್ಟಿದ್ದು ಜೈಲಿಗೆ ಒಗ್ಗಿತೆಂದರೆ ಕಟ್ಟಿದವರ ಕಲ್ಪನೆ ಎಂಥದೆಂದು ತಿಳಿಯಬಹುದು.

ಒಂದು ಅಂಕಿ ಇಲ್ಲಿ ಹೇಳಲೇಬೇಕು. 1921ರಲ್ಲಿ ಮುಂಬಯಿಯಲ್ಲಿ ಒಂದು ಕೋಣೆಯ ಮನೆಗಳಲ್ಲಿ ಹುಟ್ಟಿದ ಸಾವಿರ ಕೂಸುಗಳಿಗೆ 828 ಕೂಸುಗಳು ವರ್ಷ ತುಂಬುವುದರೊಳಗೆ ಸತ್ತವೆಂದು ದಾಖಲೆ. ನಾಲ್ಕು ಮತ್ತು ಹೆಚ್ಚು ಕೋಣೆಯ ಮನೆಗಳಲ್ಲಿ 133. ಬಾಣಂತನಕ್ಕೆ ಊರಿಗೆ ಹೋದ ತಾಯಂದಿರ ಕೂಸುಗಳು ಹುಟ್ಟಿನ ಲೆಕ್ಕಕ್ಕೆ ಸಿಗದೆ, ಮರಳಿ ಬಂದು ಸತ್ತಾಗ ಸಾವಿನ ಲೆಕ್ಕಕ್ಕೆ ಮಾತ್ರ ಸಿಕ್ಕಿದ್ದರಿಂದ ಮೊದಲ ಅಂಕಿ ಉಬ್ಬಿದೆ. ಉಬ್ಬನ್ನು ತೆಗೆದರೂ ಅಂತರ ಉಳಿಯುತ್ತದೆ. ಇನ್‌ಫ್ಲುಯೆಂಜಾ ಹೋಗಿ ಮೂರು ವರ್ಷವಾಗಿತ್ತು, ಖೋಲಿ ತನ್ನ ಕೆಲಸ ನಡೆಸಿಕೊಂಡೇ ಇತ್ತು.

ಇಷ್ಟಾಗಿ ಈ ಜ್ವರ ಮರೆತುಹೋಯಿತು. ಪ್ಲೇಗು ಮರೆತಿಲ್ಲ. 1896ರಲ್ಲಿ ಮುಂಬಯಿಯ ಮಾಂಡ್ವಿಯಲ್ಲಿ ಡಾ. ವಿಯೇಗಸ್ ಅದನ್ನು ಗುರುತಿಸಿದ್ದು ಶಾಲೆಯ ಪುಸ್ತಕದಲ್ಲಿದೆ, ಅದರಿಂದ ಸಾಂಕ್ರಾಮಿಕ ರೋಗಗಳ ಕಾನೂನು ಹುಟ್ಟಿತು, ಇಂಪ್ರೂವ್‌ಮೆಂಟ್ ಟ್ರಸ್ಟ್ ಹುಟ್ಟಿತು. ನಮ್ಮ ಬೆಂಗಳೂರಿನಲ್ಲಿ 1898ರ ಪ್ಲೇಗಿನ ಹೆಸರಿನಲ್ಲಿ ಮಲ್ಲೇಶ್ವರ, ಬಸವನಗುಡಿ ಬೆಳೆದವು, ಪ್ಲೇಗಮ್ಮನಿಗೆ ಗುಡಿ ಎದ್ದವು, ಇಂದಿಗೂ ಆಕೆಗೆ ಮಂಗಳಾರತಿಯಿದೆ. ಅಷ್ಟೊಂದು ಜನರನ್ನು ಕೆಲವೇ ವಾರಗಳಲ್ಲಿ ಒಯ್ದ ಇನ್‌ಫ್ಲುಯೆಂಜಾದ ಅಮ್ಮನನ್ನು ನಾನಂತೂ ಎಲ್ಲೂ ಕಂಡಿಲ್ಲ. ದೇವಿಯಾಗಲು ರೋಗಕ್ಕೂ ಸಮಯ ಬೇಕೇನೋ. ಪ್ಲೇಗು ವರ್ಷವರ್ಷ ಮರಳಿ ಬಂತು, ಇಲಿ ಬಿದ್ದು ಮುನ್ಸೂಚನೆ ಕೊಟ್ಟಿತು, ಹರಕೆ ಕಟ್ಟಲು ಎಡೆ ಕೊಟ್ಟಿತು. ಇದು ಗುಡುಗಿನಂತೆ ಬಂದು ಹೋಯಿತು. ಸಾಹಿತ್ಯದಲ್ಲೂ ಅಷ್ಟೆ, ಹೆಂಡತಿಯನ್ನೂ ಮನೆಯ ಹಲವರನ್ನೂ ಕಳೆದುಕೊಂಡ ಹಿಂದಿಯ ಕವಿ ನಿರಾಲಾ ಬರೆದದ್ದು ಬಿಟ್ಟರೆ ಸಿಗುವುದು ಅಪರೂಪ.

2020ರಲ್ಲಿ ಕೊರೊನಾ ಬಂದಾಗ ಎಲ್ಲರೂ ಗಡಿಬಿಡಿಯಿಂದ 1918ನ್ನು ಹುಡುಕಿದರು. ಆ ಜುಲೈನಲ್ಲಿ ಮುಂಬಯಿಯ ಮೂರು ವಾರ್ಡುಗಳಲ್ಲಿ ರಕ್ತಪರೀಕ್ಷೆ ಮಾಡಿದಾಗ ಕೊಳೆಗೇರಿಗಳಲ್ಲಿ ನೂರಕ್ಕೆ 57 ಮಂದಿಗೆ ಸೋಂಕು ತಗುಲಿಹೋಗಿತ್ತು, ಉಳಿದ ಕಡೆ 16 ಮಂದಿಗೆ. ಈ ಸಲದ ರೋಗ ವಯಸ್ಸಾದವರನ್ನು ಹುಡುಕುತ್ತಿತ್ತು, ಕೊಳೆಗೇರಿಯಲ್ಲಿ ಹುಡುಗರೇ ಹೆಚ್ಚು, ಆದ್ದರಿಂದ ತಗುಲಿದ ಪ್ರಮಾಣದಲ್ಲಿ ಸಾವು ಆಗಲಿಲ್ಲ. 1918ರ ಜ್ವರದ ಹಾಗೆ ಇದೂ ಇಪ್ಪತ್ತು ಮೂವತ್ತರವರನ್ನು ಹಿಡಿದಿದ್ದರೆ ಎಂದು ಎಣಿಸಲು ನನಗೆ ಧೈರ್ಯವಾಗುವುದಿಲ್ಲ.

ಬಿಡಿಡಿ ಚಾಳುಗಳನ್ನು ಈಗ ಕೆಡವಿ ಗೋಪುರ ಕಟ್ಟುತ್ತಿದ್ದಾರೆ. 160 ಚದರ ಅಡಿಯವರಿಗೆ 500 ಚದರ ಅಡಿಯ ಮನೆ. ಕಳೆದ ಸಲ ಹೋದಾಗ ಸೋದರಮಾವನ ಹೆಂಡತಿಯಾದ ಅತ್ತೆಯನ್ನು ಕೇಳಿದೆ. ಅವರ ತವರು ನಿಪ್ಪಾಣಿ, ಎರಡೂ ಭಾಷೆ ಸಮ ಬರುತ್ತವೆ, ವಯಸ್ಸು ಎಂಬತ್ತು ದಾಟಿದೆ.

"ಅತ್ತಿ, ಮಾನ್‌ಮೋಡಿ ಅಂತ ಒಂದು ಜ್ವರ ಬಂದಿತ್ತಂತ, ಹಿರೇರು ಯಾರರ ಹೇಳಿದ್ದು ನೆನಪೈತೇನು?"

ಅತ್ತೆ ಸೊಪ್ಪು ಬಿಡಿಸುತ್ತ ತುಸು ಹೊತ್ತು ಯೋಚಿಸಿದರು.

"ಜ್ವರ ಏನೋ ಗೊತ್ತಿಲ್ಲಪಾ. ನಮ್ಮತ್ತಿ ಸಿಟ್ಟು ಬಂದರ ಹುಡುಗರಿಗೆ ಬೈತಿದ್ರು, ಮಾನ್‌ಮೋಡಿ ಬಂದು ಹೋಗಲಿ ನಿನಗ ಅಂತ. ನಾ ಅದು ಬರೇ ಬೈಗಳ ಅಂತ ತಿಳಕೊಂಡಿದ್ದೆ."